ಎತ್ತಿನ ಹಲ್ಲು ಎಣಿಸುವ ನಾವು ಅಂಗನವಾಡಿಯೊಳಗೆ ಇಣುಕಿದ್ದೀವಾ?



2025ರ ಜೂನ್ ತಿಂಗಳು. ನಮ್ಮ ಸಂಘದ ಸದಸ್ಯರೊಬ್ಬರು ಪಟ್ಟಣದ ಬ್ಯಾಂಕಿನ ಮುಂದೆ ಸಿಕ್ಕಿದರು. ಮೂರು ಎಕರೆ ಖುಷ್ಕಿ ಇರುವವರು. ಕೈಯಲ್ಲಿ ಕರವಸ್ತ್ರದ ಗಂಟು. ಹೆಂಡತಿಯ ಸರ ಅಡವಿಡಲು ಬಂದಿದ್ದರು. ಗೊಬ್ಬರಕ್ಕೋ ಅಂತ ಕೇಳಿದೆ. "ಇಲ್ಲ ಕಣಣ್ಣ, ಗೊಬ್ಬರಕ್ಕೆ ಸೊಸೈಟೀಲಿ ಕೇಳಿದ್ದೀನಿ. ಇದು ಮಗೀಗೆ. ಎಲ್‌ಕೆಜಿಗೆ ಹಾಕ್ಬೇಕು, ನಾಳೆಯೊಳಗೆ ಫೀಸು ಕಟ್ಟಿ ಅಂದವ್ರೆ" ಅಂದರು.

ಮಗುವಿಗೆ ನಾಲ್ಕು ವರ್ಷ. ಅಲ್ಲೇ ಟೀ ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದೆವು. ಫೀಸು 26,000. ವ್ಯಾನಿಗೆ ತಿಂಗಳಿಗೆ 900ರಂತೆ ಹತ್ತು ತಿಂಗಳಿಗೆ 9,000. ಬಟ್ಟೆ, ಬೂಟು, ಪುಸ್ತಕ 5,500. ಒಟ್ಟು 40,500 ರೂಪಾಯಿ. ಸರದ ಮೇಲಿನ ಬಡ್ಡಿ ಬೇರೆ. 2025-26ರಲ್ಲಿ ಕೇಂದ್ರ ಸರ್ಕಾರ ರಾಗಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886. ಅಂದರೆ ಆ ಮಗುವಿನ ಒಂದು ವರ್ಷದ ಎಲ್‌ಕೆಜಿಗೆ ಎಂಟು ಕ್ವಿಂಟಲ್‌ಗೂ ಮೇಲೆ ರಾಗಿ ಬೇಕು. ಮಳೆ ಕೈ ಹಿಡಿದ ವರ್ಷ ಒಂದು ಎಕರೆ ಖುಷ್ಕಿಯಲ್ಲಿ ಸಿಕ್ಕುವುದೇ ಎಂಟೋ ಹತ್ತೋ ಕ್ವಿಂಟಲ್. ಉಳುಮೆ, ಬಿತ್ತನೆ, ಕಳೆ, ಕುಯ್ಲು ಯಾವುದರ ಖರ್ಚನ್ನೂ ಕಳೆಯದೆ ಹೇಳುವ ಮಾತಿದು. ಅದೂ ಬೆಂಬಲ ಬೆಲೆ ಸಿಕ್ಕಿದರೆ. ಖರೀದಿ ಕೇಂದ್ರದ ಬಾಗಿಲು ತೆಗೆಯುವ ಹೊತ್ತಿಗೆ ಸಾಲಗಾರನ ರಾಗಿ ದಲ್ಲಾಳಿಯ ಮೂಟೆ ಸೇರಿರುತ್ತದೆ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ.

ಬೆಲೆ ಮತ್ತು ಸಾಲದ ವಿಷಯ ಬರೆಯುವ ಈ ಪತ್ರಿಕೆಯಲ್ಲಿ ಅಂಗನವಾಡಿ ಮಾತು ಯಾಕೆ ಅಂತ ಕೇಳುವವರಿಗೆ ಇದೇ ಉತ್ತರ. ಹಿಂದೆ ನಮ್ಮ ಸಾಲದ ಪಟ್ಟಿಯಲ್ಲಿ ಬೀಜ, ಗೊಬ್ಬರ, ಬೋರ್‌ವೆಲ್ಲು, ಮದುವೆ, ಕಾಯಿಲೆ ಇದ್ದವು. ಈಗ ಬಾಯಲ್ಲಿ ಇನ್ನೂ ಹಾಲುಹಲ್ಲು ಇರುವ ಮಗುವಿನ ಹೆಸರಲ್ಲೂ ಒಂದು ಸಾಲ ಸೇರಿಕೊಂಡಿದೆ. ಈ ಸಾಲ ಬೇಕೇ ಬೇಕಿತ್ತಾ ಅಂತ ನಾವು ಒಮ್ಮೆಯಾದರೂ ನೋಡಿದ್ದೀವಾ?

ಮಂಡ್ಯವೋ ಘಾಟಿಯೋ ಯಾವ ಜಾತ್ರೆಗಾದರೂ ಎತ್ತು ಕೊಳ್ಳೋಕೆ ಹೋದರೆ ನಾವು ಕೊಂಬಿಗೆ ಬಳಿದ ಬಣ್ಣ ನೋಡಿ ದುಡ್ಡು ಬಿಚ್ಚುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸ್ತೀವಿ. ನಡೆಸಿ ನೋಡ್ತೀವಿ. ಸುಳಿ ನೋಡ್ತೀವಿ. ನಾಲ್ಕು ಜೋಡಿ ನೋಡದೆ ಒಂದು ಜೋಡಿಗೆ ಕೈ ಹಾಕಲ್ಲ. ಮಗುವನ್ನು ಕಳಿಸುವಾಗ ಮಾತ್ರ ವ್ಯಾನಿನ ಬಣ್ಣ, ಬೋರ್ಡಿನ ಇಂಗ್ಲಿಷು ನೋಡಿ ಮುಗಿಸಿಬಿಡ್ತೀವಿ. ಊರಲ್ಲೇ ಇರುವ ಸರ್ಕಾರದ ಕೇಂದ್ರದೊಳಗೆ ಒಂದು ದಿನ ಇಣುಕಿಯೂ ನೋಡಲ್ಲ.

ಅಂಗನವಾಡಿ ಯಾರ ಭಿಕ್ಷೆಯೂ ಅಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ, ನಮ್ಮಂಥ ರೈತರ ತಾಲ್ಲೂಕಿಗೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಊಟ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡಾಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳುವಳಿಕೆ, ಮತ್ತು 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ, ಹೀಗೆ ಆರು ಕೆಲಸ ಅದರ ಹೆಗಲ ಮೇಲಿದೆ. ಆರನೆಯ ಕೆಲಸವನ್ನು ಊರು ಮರೆತಿದೆ. ಅಂಗನವಾಡಿ ಅಂದರೆ ಅನ್ನ ಹಾಕುವ ಜಾಗ ಅಂತ ಮಾತ್ರ ನಾವು ತಿಳಿದಿದ್ದೀವಿ.

ಇದರ ಜೊತೆಗೆ ಸರ್ಕಾರದ್ದೇ ಇನ್ನೊಂದು ಬಗೆ ಇದೆ. 2019-20ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದರು. ನಮ್ಮ ಮಕ್ಕಳನ್ನು ಕಿತ್ತುಕೊಂಡರೆ ಕೇಂದ್ರ ಮುಚ್ಚುತ್ತೆ ಅಂತ ಅಂಗನವಾಡಿ ಹೆಣ್ಣುಮಕ್ಕಳು 2019ರ ಡಿಸೆಂಬರಿನಲ್ಲಿ ಬೀದಿಗಿಳಿದರು. 2024ರ ಜೂನಿನಲ್ಲಿ ಮತ್ತೆ ಇಳಿದರು. ಆಮೇಲೆ ಅಂಗನವಾಡಿಯಲ್ಲೇ ಎಲ್‌ಕೆಜಿ ಮಾಡ್ತೀವಿ ಅಂತ ಸರ್ಕಾರ ಹೇಳಿತು. ಎರಡು ಇಲಾಖೆಗಳು ಒಂದೇ ಮಗುವಿಗಾಗಿ ಜಗ್ಗಾಡುತ್ತಿದ್ದಾಗ, ಆ ಮಗುವಿನ ಅಪ್ಪನಾದ ರೈತ ವ್ಯಾನಿನ ಫೀಸು ಹೊಂದಿಸುತ್ತಿದ್ದ.

ಬರೀ ಮಾತಾಡಿ ಫಲವಿಲ್ಲ, ಕಣ್ಣಾರೆ ನೋಡೋಣ ಅಂತ ರಾಗಿ ಕಣ ಮುಗಿದ ಮೇಲೆ ನಾವು ಮೂವರು ಸಂಘದವರು ನಮ್ಮ ತಾಲ್ಲೂಕಿನೊಳಗೇ ನಾಲ್ಕು ಕಡೆ ಹೋದೆವು. ಬಾಗಿಲಲ್ಲಿ ಟೀಚರಮ್ಮನ ಅಪ್ಪಣೆ ಕೇಳಿ, ಒಂದೊಂದು ಕಡೆ ಅರ್ಧ ದಿನ ಕೂತೆವು. ಊರುಗಳ ಹೆಸರು ಬರೆಯುವುದಿಲ್ಲ. ಬಡಪಾಯಿ ಕಾರ್ಯಕರ್ತೆಗೆ ನೋಟಿಸು ಕೊಡಿಸುವುದು ನಮ್ಮ ಉದ್ದೇಶವಲ್ಲ.

ಮೊದಲನೆಯದು ದೊಡ್ಡ ಊರು. ಸ್ವಂತ ಕಟ್ಟಡ, ಟೈಲ್ಸ್ ನೆಲ, ಗೋಡೆ ತುಂಬ ಚಿತ್ರ, ಕಾಂಪೌಂಡು, ಶೌಚಾಲಯ. ಹಾಜರಿ ಪುಸ್ತಕದಲ್ಲಿ 28 ಮಕ್ಕಳು, ಚಾಪೆ ಮೇಲೆ 9. ಸಹಾಯಕಿ ನಿವೃತ್ತಿಯಾಗಿ ವರ್ಷವಾಗುತ್ತಾ ಬಂದಿದೆ, ಜಾಗ ಖಾಲಿ. ಟೀಚರಮ್ಮನೇ ಅಕ್ಕಿ ತೊಳೆಯಬೇಕು, ಒಲೆ ನೋಡಬೇಕು, ಮಕ್ಕಳ ಮೂಗು ಒರೆಸಬೇಕು. ಉಳಿದ ಹೊತ್ತಿನಲ್ಲಿ ಮೊಬೈಲಿನ ಪೋಷಣ್ ಟ್ರ್ಯಾಕರಿಗೆ ಲೆಕ್ಕ ತುಂಬಬೇಕು. ನಾವು ಕೂತ ಅರ್ಧ ದಿನದಲ್ಲಿ ಆಕೆ ಮಕ್ಕಳ ಜೊತೆ ಕೂತು ಮಾತಾಡಿದ್ದು ಕಾಲು ಗಂಟೆ ಇರಬಹುದು. ಆಕೆಯ ತಪ್ಪು ಅಂತ ಹೇಳಲು ನಮಗೆ ಬಾಯಿ ಬರಲಿಲ್ಲ.

ಎರಡನೆಯದು ಅಲ್ಲಿಂದ ಮೂರು ಮೈಲಿ, ದಲಿತ ಕೇರಿಯ ಸಮುದಾಯ ಭವನದ ಒಂದು ಮೂಲೆ. ಒಂದೇ ಕಿಟಕಿ. ಮಳೆ ಬಂದರೆ ಸೋರುತ್ತದೆ. ಪುಸ್ತಕದಲ್ಲಿ 22, ಕಣ್ಣೆದುರಿಗೆ 19. ಟೀಚರಮ್ಮ ಅದೇ ಕೇರಿಯ ಸೊಸೆ. ಹುಣಸೆ ಬೀಜ ಗುಡ್ಡೆ ಹಾಕಿ ಮಕ್ಕಳ ಕೈಯಲ್ಲಿ ಎಣಿಸಿಸುತ್ತಿದ್ದರು. ಇಲಾಖೆಯ 'ಚಿಲಿಪಿಲಿ' ಪುಸ್ತಕದ ಚಟುವಟಿಕೆಯನ್ನು ಕೋಳಿ, ಕುರಿ, ನೇಗಿಲು ಅಂತ ಮಕ್ಕಳಿಗೆ ಗೊತ್ತಿರುವ ಮಾತಿನಲ್ಲಿ ಮಾಡಿಸುತ್ತಿದ್ದರು. ಪ್ರತಿ ಮಗುವಿನ ತೂಕ ತಿಂಗಳು ತಿಂಗಳೂ ಬರೆದಿತ್ತು. ಕೂಲಿಗೆ ಹೋಗುವ ತಾಯಂದಿರು ಈ ಕೇಂದ್ರವನ್ನೇ ನಂಬಿದ್ದಾರೆ, ಹಾಗಾಗಿ ಬಂದು ವಿಚಾರಿಸ್ತಾರೆ. ಆದರೆ ಸೋರುವ ಸೂರಿಗೆ ಮೂರು ಸಾರಿ ಅರ್ಜಿ ಕೊಟ್ಟರೂ ಪಂಚಾಯ್ತಿಯಲ್ಲಿ ಕೇಳುವವರಿಲ್ಲ.

ಮೂರನೆಯ ಊರಿಗೆ ರಸ್ತೆ ಕೆಟ್ಟಿದೆ. ಕೆರೆ ಏರಿ ದಾಟಿ ಹೋಗಬೇಕು, ಕಾನ್ವೆಂಟಿನ ವ್ಯಾನು ಅಲ್ಲಿಗೆ ಬರುವುದಿಲ್ಲ. ಅದಕ್ಕೇ ಜಮೀನುದಾರರ ಮೊಮ್ಮಕ್ಕಳೂ ಕೂಲಿಯವರ ಮಕ್ಕಳೂ ಒಂದೇ ಚಾಪೆಯಲ್ಲಿ ಕೂತಿದ್ದರು. ಹಳೇ ಹೆಂಚಿನ ಮನೆ, ಆದರೆ ಸುಣ್ಣ ಹೊಡೆದಿದೆ, ನಲ್ಲಿಯಲ್ಲಿ ನೀರಿದೆ, ಹಿತ್ತಲಲ್ಲಿ ನುಗ್ಗೆ ಗಿಡ ಇದೆ. ಇಲ್ಲೂ ಒಮ್ಮೆ ಸಹಾಯಕಿ ಜಾಗ ಖಾಲಿಯಾಗಿತ್ತಂತೆ. ಊರವರು ಹತ್ತು ಜನ ಟ್ರ್ಯಾಕ್ಟರ್ ಹತ್ತಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಿ ಕೂತರು. ಬರುವ ನೇಮಕದಲ್ಲೇ ಜಾಗ ಭರ್ತಿಯಾಯಿತು. ಒಬ್ಬಾಕೆ ಒಲೆ ನೋಡಿಕೊಂಡರೆ ಇನ್ನೊಬ್ಬಾಕೆ ಮಕ್ಕಳ ಜೊತೆ ಕೂರಬಹುದು. ನಾವು ಹೋದಾಗ ಒಂದು ಮಗು ನಮಗೇ ನರಿ ದ್ರಾಕ್ಷಿ ಕಥೆ ಹೇಳಿ, "ತಾತ, ಗೊತ್ತಾಯ್ತಾ?" ಅಂತ ಕೇಳಿತು.

ನಾಲ್ಕನೆಯದು ಹೋಬಳಿ ಕೇಂದ್ರದ ಸರ್ಕಾರಿ ಶಾಲೆಯ ಎಲ್‌ಕೆಜಿ. ಒಂದೇ ಕೋಣೆಯಲ್ಲಿ 40ಕ್ಕೂ ಮೇಲೆ ಮಕ್ಕಳು, ಗೌರವಧನದ ಮೇಲೆ ಬಂದ ಒಬ್ಬ ಹುಡುಗಿ ಟೀಚರು. ಸುತ್ತಲ ಹಳ್ಳಿಗಳಿಂದ ಆಟೋದಲ್ಲಿ ತುಂಬಿ ಕಳಿಸ್ತಾರೆ. ಮಕ್ಕಳು ಸ್ಲೇಟಿನ ಮೇಲೆ ಎ, ಬಿ, ಸಿ, ಡಿ ತಿದ್ದುತ್ತಿದ್ದರು. ಆ ಹುಡುಗಿ ಶ್ರದ್ಧೆಯುಳ್ಳವಳು, ಆದರೆ ನಲವತ್ತು ಮಕ್ಕಳಲ್ಲಿ ಯಾರ ಕೈ ಹಿಡಿದು ತಿದ್ದಿಸುತ್ತಾಳೆ? ಇಂಗ್ಲಿಷ್ ಇದೆ, ಫೀಸಿಲ್ಲ ಅಂತ ಅಪ್ಪ ಅಮ್ಮಂದಿರಿಗೆ ಸಮಾಧಾನ. ಮಗುವಿನ ತೂಕ ಕೇಳಿದರೆ ಅಲ್ಲಿ ಯಾರ ಹತ್ತಿರವೂ ಪುಸ್ತಕ ಇರಲಿಲ್ಲ.

ನಾಲ್ಕೂ ಒಂದೇ ತಾಲ್ಲೂಕಿನವು, ಒಂದೇ ಸರ್ಕಾರದವು. ಅದರಲ್ಲೂ ಮೊದಲಿನ ಮೂರಕ್ಕೆ ಒಂದೇ ಇಲಾಖೆ, ಒಂದೇ ಕಾನೂನು, ಒಂದೇ ದರದ ಅಕ್ಕಿ ಬೇಳೆ. ಆದರೂ ಇಷ್ಟು ವ್ಯತ್ಯಾಸ. ಕಟ್ಟಡ ಚೆಂದ ಇರುವ ಕಡೆ ಕಲಿಕೆ ಇಲ್ಲ. ಕಲಿಕೆ ಇರುವ ಕೇರಿಯಲ್ಲಿ ಸೂರು ಸೋರುತ್ತದೆ. ಎರಡೂ ಒಂದು ಮಟ್ಟಕ್ಕೆ ಸರಿಯಾಗಿ ಇದ್ದದ್ದು ವ್ಯಾನು ಹೋಗದ ಊರಿನಲ್ಲಿ ಮಾತ್ರ.

ಇದರ ಅರ್ಥ ಏನು? ಕಚೇರಿಗೆ ಹೋಗಿ ಮೇಜು ಕುಟ್ಟಿ ಕೇಳಬಲ್ಲವರ ಮಕ್ಕಳು ಎಲ್ಲಿ ಕೂರುತ್ತಾರೋ ಅಲ್ಲಿ ಸರ್ಕಾರ ಕೆಲಸ ಮಾಡುತ್ತದೆ. ದೊಡ್ಡ ಊರಿನಲ್ಲಿ ಕೇಳಬಲ್ಲವರು ನಾವು. ನಾವೇ ಮಕ್ಕಳನ್ನು ವ್ಯಾನು ಹತ್ತಿಸಿಬಿಟ್ಟೆವು. ಆ ಮೇಲೆ ಸಹಾಯಕಿ ಇದ್ದರೇನು ಬಿಟ್ಟರೇನು ಅಂತ ಸುಮ್ಮನಾದೆವು. ಕೇಂದ್ರ ಕೆಟ್ಟಿತು ಅಂತ ನಾವು ಬಿಟ್ಟೆವೋ, ನಾವು ಬಿಟ್ಟದ್ದಕ್ಕೆ ಕೇಂದ್ರ ಕೆಟ್ಟಿತೋ? ಎದೆ ಮುಟ್ಟಿಕೊಂಡು ಹೇಳಿ.

ಇಲ್ಲಿ ಇನ್ನೊಂದು ಮಾತು ಇದೆ. ಓದುಗರಲ್ಲಿ ಕೆಲವರಿಗೆ ಕಹಿಯಾಗುತ್ತದೆ, ಆದರೂ ಬರೆಯಲೇಬೇಕು. ದೊಡ್ಡ ಊರಿನ ಅರಳಿ ಕಟ್ಟೆಯಲ್ಲಿ ಕೂತು, ನಿಮ್ಮ ಮಕ್ಕಳನ್ನು ಯಾಕೆ ಕಳಿಸಲ್ಲ ಅಂತ ಕೇಳಿದೆವು. ಮೊದಲು ಇಂಗ್ಲಿಷ್ ಅಂದರು. ಆಮೇಲೆ ಒಬ್ಬರು, "ಅಲ್ಲಿ ಕೂಲಿಯೋರ ಐಕ್ಳು ಬತ್ತವೆ ಕಣ್ರೀ" ಅಂದರು. ಇನ್ನೊಬ್ಬರು ದನಿ ತಗ್ಗಿಸಿ, ಅಡುಗೆ ಮಾಡೋಕೆ ಯಾರನ್ನು ಹಾಕ್ತಾರೋ ಅಂದರು. ಇದೇ ಜನ ನಮ್ಮ ಸಭೆಯಲ್ಲಿ ಹಸಿರು ಟವೆಲ್ ಹೊದ್ದು, ಪಟ್ಟಣದವರು ನಮ್ಮನ್ನು ಕೀಳಾಗಿ ಕಾಣ್ತಾರೆ ಅಂತ ಗುಡುಗುತ್ತಾರೆ. ಕೂಲಿಯವರ ಮಗುವಿನ ಪಕ್ಕ ಕೂರಬಾರದು ಅಂತ ಒಂದು ಎಕರೆ ರಾಗಿಯನ್ನು ವ್ಯಾನಿನವನಿಗೆ ಅಳೆದು ಕೊಡುವುದು ಯಾವ ಜಾಣತನ? ಆ ಕೂಲಿಯವರು ಇಲ್ಲದಿದ್ದರೆ ನಮ್ಮ ಕಳೆ ಕೀಳುವವರು ಯಾರು, ಕಬ್ಬು ಕಡಿಯುವವರು ಯಾರು?

ನಾನೂ ಇದರಿಂದ ಹೊರಗಿಲ್ಲ. ನನ್ನ ಮಗನನ್ನು ಅಂಗನವಾಡಿಗೆ ಎರಡು ತಿಂಗಳು ಕಳಿಸಿ, ನಾಲ್ಕು ಜನ ನಗ್ತಾರೆ ಅಂತ ಬಿಡಿಸಿ ಕಾನ್ವೆಂಟಿಗೆ ಹಾಕಿದವನು ನಾನು. ಆ ಸಾಲ ತೀರಿಸುವಾಗ ಒಂದು ಜೋಡಿ ಎತ್ತು ಹೋಯಿತು. ಹೋರಾಟದ ಭಾಷಣದಲ್ಲಿ ಅದನ್ನು ನಾನು ಯಾವತ್ತೂ ಹೇಳಿರಲಿಲ್ಲ.

ಕಾನ್ವೆಂಟುಗಳೆಲ್ಲ ಮೋಸ ಅಂತ ನಾವು ಹೇಳುತ್ತಿಲ್ಲ. ಚೆನ್ನಾಗಿ ಕಲಿಸುವವರೂ ಇದ್ದಾರೆ. ಇಂಗ್ಲಿಷ್ ಬೇಡ ಅಂತಲೂ ಅಲ್ಲ. ಬ್ಯಾಂಕಿನ ಕಾಗದ ಓದಲಾರದೆ ಹೆಬ್ಬೆಟ್ಟು ಒತ್ತಿ ಕೆಟ್ಟವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅನ್ನೋದು ನಮಗೆ ಗೊತ್ತು. ಆದರೆ ನಾಲ್ಕು ವರ್ಷದ ಮಗು ಮೊದಲು ತನ್ನ ಮನೆಯ ಮಾತಿನಲ್ಲಿ ಕೇಳಬೇಕು, ಹೇಳಬೇಕು, ಎಣಿಸಬೇಕು, ಆಡಬೇಕು. ಸಸಿಮಡಿಯನ್ನು ನಾವು ಹೇಗೆ ಕಾಪಾಡ್ತೀವಿ? ಅಲ್ಲೇ ಫಸಲು ಕೇಳ್ತೀವಾ? ಬೇರು ಹಿಡಿಯಲಿ ಅಂತ ಕಾಯ್ತೀವಿ. ಎಳೇ ಪೈರಿಗೆ ಅತಿ ಗೊಬ್ಬರ ಸುರಿದರೆ ಸುಟ್ಟುಹೋಗುತ್ತದೆ.

ಇನ್ನು ಹೊಟ್ಟೆಯ ವಿಷಯ. ಅನ್ನ ಬೆಳೆಯುವ ನಮ್ಮ ರಾಜ್ಯದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಸುಮಾರು 33 ಮಕ್ಕಳಿಗೆ ತಕ್ಕ ತೂಕ ಇರಲಿಲ್ಲ. ಇವರೆಲ್ಲ ಕೂಲಿಯವರ ಮಕ್ಕಳೇ ಅಂತ ತಿಳಿಯಬೇಡಿ. ವ್ಯಾನಿನಲ್ಲಿ ಹೋಗುವ ಮಗುವಿನ ಡಬ್ಬಿಯಲ್ಲಿ ಬಿಸ್ಕತ್ತು, ಕುರ್‌ಕುರೆ ಇರುವುದನ್ನು ನಾವು ಕಂಡಿಲ್ಲವೇ? 2013ರಲ್ಲಿ ಬಂದಾಗ ಆಹಾರ ಭದ್ರತಾ ಕಾಯ್ದೆ, 3ರಿಂದ 6 ವರ್ಷದ ಮಗುವಿಗೆ ಅಂಗನವಾಡಿಯಲ್ಲಿ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಸಿಗಬೇಕು ಅಂತ ಹೇಳಿತ್ತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಬಂತು. ಅದು ನಾವು ಡೈರಿಗೆ ಹಾಕಿದ ಹಾಲೇ, ಪುಡಿಯಾಗಿ ವಾಪಸು ಬರುತ್ತದೆ. ಮಕ್ಕಳು ಕುಡಿದಷ್ಟೂ ಹಾಲು ಉತ್ಪಾದಕರಿಗೆ ಒಂದು ಗಿರಾಕಿ ಗಟ್ಟಿ. ಅಂಗನವಾಡಿ ಖಾಲಿಯಾದರೆ ಆ ಗಿರಾಕಿಯನ್ನು ಕಳೆದುಕೊಳ್ಳುವವರೂ ನಾವೇ.

ಸರ್ಕಾರವನ್ನು ಬಿಟ್ಟು ನಿಮ್ಮನ್ನೇ ಬೈಯುತ್ತಿದ್ದೇನೆ ಅಂತ ತಿಳಿಯಬೇಡಿ. ಸರ್ಕಾರದ ಬಾಕಿ ಇಲ್ಲೂ ದೊಡ್ಡದೇ. 2017ರಲ್ಲಿ ಕೇಂದ್ರ ಸರ್ಕಾರ ಒಂದು ಮಗುವಿನ ದಿನದ ಆಹಾರಕ್ಕೆ 6 ರೂಪಾಯಿ ಇದ್ದ ದರವನ್ನು 8 ರೂಪಾಯಿ ಮಾಡಿತು. ಎಂಟು ರೂಪಾಯಿಗೆ ಹೋಟೆಲಿನಲ್ಲಿ ಅರ್ಧ ಟೀ ಸಿಗುತ್ತದೋ ಇಲ್ಲವೋ. 2018ರಲ್ಲಿ ಕಾರ್ಯಕರ್ತೆಯ ಗೌರವಧನದಲ್ಲಿ ಕೇಂದ್ರದ ಲೆಕ್ಕ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250 ಅಂತ ಆಯಿತು. ರಾಜ್ಯ ತನ್ನ ಪಾಲು ಸೇರಿಸಿದರೂ ಅದನ್ನು ಸಂಬಳ ಅನ್ನಲು ಸರ್ಕಾರಕ್ಕೇ ನಾಚಿಕೆ, ಅದಕ್ಕೇ ಗೌರವಧನ ಅಂತ ಹೆಸರು. ನಮ್ಮ ಬೆಳೆಗೆ ಬೆಲೆ ಕಟ್ಟುವವರೇ ನಮ್ಮ ಮಕ್ಕಳ ಅನ್ನಕ್ಕೂ ಬೆಲೆ ಕಟ್ಟಿದ್ದಾರೆ. ಎರಡರಲ್ಲೂ ತಕ್ಕಡಿ ಒಂದೇ.

ಒಬ್ಬಾಕೆಯ ಕೈಯಲ್ಲಿ ಆರು ಕೆಲಸ ಆಗುವುದಿಲ್ಲ ಅನ್ನೋದು ಬರೀ ನಮ್ಮ ಅನಿಸಿಕೆಯಲ್ಲ. ಪಕ್ಕದ ತಮಿಳುನಾಡಿನ ನಾಲ್ಕು ಜಿಲ್ಲೆಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಕೆಲವು ಕೇಂದ್ರಗಳಿಗೆ ಶಾಲಾಪೂರ್ವ ಶಿಕ್ಷಣಕ್ಕೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಕಲಿಸುವ ಹೊತ್ತು ಎರಡರಷ್ಟಾಯಿತು, ಮಕ್ಕಳ ಲೆಕ್ಕ ಮತ್ತು ಭಾಷೆ ಸುಧಾರಿಸಿತು. ಹಳೆಯ ಕಾರ್ಯಕರ್ತೆಗೆ ಆಹಾರ, ತೂಕದ ಕಡೆ ಗಮನ ಕೊಡಲು ಬಿಡುವು ಸಿಕ್ಕಿ ಅಪೌಷ್ಟಿಕತೆಯೂ ಇಳಿಯಿತು. ನಮ್ಮ ಮೂರನೆಯ ಊರಿನಲ್ಲಿ ಕಂಡದ್ದೂ ಇದೇ, ಇನ್ನೊಂದು ಜೊತೆ ಕೈ.

ಹಾಗಾದರೆ ನಾವು ಮಾಡಬೇಕಾದ್ದು ಏನು?

ಮುಂದಿನ ಜೂನ್‌ಗೆ ಮುಂಚೆ, ಸರ ಬಿಚ್ಚುವ ಮುಂಚೆ, ನಿಮ್ಮ ಹೋಬಳಿಯ ಮೂರು ನಾಲ್ಕು ಕೇಂದ್ರಗಳಿಗೆ ಹೋಗಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಆಕೆಯ ಕಣ್ಣಿಗೆ ಬೀಳುವುದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಗೋಡೆಯ ಬಣ್ಣ ನೋಡಬೇಡಿ. ಪುಸ್ತಕದಲ್ಲಿ ಎಷ್ಟು ಮಕ್ಕಳು, ಚಾಪೆಯ ಮೇಲೆ ಎಷ್ಟು ಎಣಿಸಿ. ಸಹಾಯಕಿ ಇದ್ದಾರಾ ನೋಡಿ. ಟೀಚರಮ್ಮ ಮಕ್ಕಳ ಜೊತೆ ನೆಲದ ಮೇಲೆ ಕೂರುವುದು ಎಷ್ಟು ಹೊತ್ತು ಅಂತ ಗಡಿಯಾರ ನೋಡಿ. ಹೋದ ತಿಂಗಳ ತೂಕ ಬರೆದಿದೆಯಾ ಕೇಳಿ. ನೀರು, ಶೌಚಾಲಯ ನೋಡಿ. ಕಡೆಯದಾಗಿ ಒಂದು ಮಗುವನ್ನು ಮಾತಾಡಿಸಿ. ಅದು ಹೆದರದೆ ಕಥೆ ಹೇಳಿದರೆ ಅಲ್ಲಿ ಕಲಿಕೆ ಇದೆ. ಇದೇ ಪ್ರಶ್ನೆಗಳನ್ನು ಕಾನ್ವೆಂಟಿಗೂ ಹೋಗಿ ಕೇಳಿ. ಒಳಗೆ ಬಿಡದಿದ್ದರೆ ಅದೂ ಒಂದು ಉತ್ತರವೇ.

ಕೇಂದ್ರ ಸರಿಯಿಲ್ಲದಿದ್ದರೆ ಬಿಟ್ಟು ಬರಬೇಡಿ. ಪ್ರತಿ ಅಂಗನವಾಡಿಗೆ ಬಾಲವಿಕಾಸ ಸಮಿತಿ ಇರಬೇಕು. ಇದೆಯಾ, ಸಭೆ ಸೇರುತ್ತಾ, ತಾಯಂದಿರು ಅದರಲ್ಲಿ ಬಾಯಿ ಬಿಡ್ತಾರಾ ವಿಚಾರಿಸಿ. ಸಹಾಯಕಿ ಜಾಗ ಖಾಲಿ ಇದ್ದರೆ, ಸೂರು ಸೋರುತ್ತಿದ್ದರೆ ಗ್ರಾಮಸಭೆಯಲ್ಲಿ ಬರೆಸಿ, ನಡವಳಿಯ ನಕಲು ತೆಗೆದುಕೊಳ್ಳಿ. ಕೇರಿಯ ಕೇಂದ್ರಕ್ಕೆ ಮೂರು ಸಾರಿ ಅರ್ಜಿ ಕೊಟ್ಟವರ ಜೊತೆ ನಾಲ್ಕನೆಯ ಸಾರಿ ನೀವೂ ಹೋಗಿ. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಜನವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲೇ ಆದೇಶ ಮಾಡಿದೆ. ಕೇಳುವವರು ಬೇಕು ಅಷ್ಟೇ.

ಸಂಘದ ಕಡೆಯಿಂದ ಮೂರು ಬೇಡಿಕೆ ಇಡೋಣ. ಮಗುವಿನ ಊಟದ ದರ ಬೇಳೆಕಾಳಿನ ಬೆಲೆಯ ಜೊತೆ ಪ್ರತಿ ವರ್ಷ ಏರಬೇಕು. ಪ್ರತಿ ಕೇಂದ್ರಕ್ಕೆ ಕಲಿಸುವುದಕ್ಕೆಂದೇ ಒಬ್ಬರು ಬೇಕು, ಖಾಲಿ ಜಾಗ ಮೂರು ತಿಂಗಳ ಮೇಲೆ ಖಾಲಿ ಇರಬಾರದು. ಅಂಗನವಾಡಿಯ ರಾಗಿ, ಕಾಳು, ತರಕಾರಿಯನ್ನು ಆಯಾ ತಾಲ್ಲೂಕಿನ ರೈತರಿಂದ, ಬೆಂಬಲ ಬೆಲೆಗೆ ಕಡಿಮೆಯಿಲ್ಲದೆ ಕೊಳ್ಳಬೇಕು.

1980ರ ದಶಕದಲ್ಲಿ ನಮ್ಮ ಹಿರಿಯರು ಊರ ಬಾಗಿಲಿಗೆ ಬೋರ್ಡು ಹಾಕಿದರು. ಸಾಲ ವಸೂಲಿಯ ಅಧಿಕಾರಿ ಅಪ್ಪಣೆ ಇಲ್ಲದೆ ಒಳಗೆ ಬರಕೂಡದು ಅಂತ. ಆಗ ನಾನು ಹೈಸ್ಕೂಲ್ ಹುಡುಗ, ಬಣ್ಣದ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಇವತ್ತು ಅದೇ ಬಾಗಿಲಲ್ಲಿ ಬೆಳಗ್ಗೆ ಎಂಟು ಗಂಟೆಗೆ ಹಳದಿ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ. ಯಾರ ಅಪ್ಪಣೆಯೂ ಬೇಕಿಲ್ಲ. ನಾವೇ ಮಗುವನ್ನು ಎತ್ತಿ ಕೂರಿಸಿ, ಅದರ ಜೊತೆಗೆ ಒಂದು ಎಕರೆ ರಾಗಿಯನ್ನೂ ಹಾಕಿ ಕಳಿಸ್ತೀವಿ.

ಬ್ಯಾಂಕಿನ ಮುಂದೆ ಸಿಕ್ಕ ಆ ಸದಸ್ಯರಿಗೆ ಎರಡನೆಯ ಮಗು ಇದೆ, ಬರುವ ಜೂನ್‌ಗೆ ಮೂರು ತುಂಬುತ್ತದೆ. ನಾವು ನೋಡಿ ಬಂದ ನಾಲ್ಕೂ ಕೇಂದ್ರಗಳ ವಿಷಯ ಅವರಿಗೆ ಹೇಳಿದ್ದೇವೆ. "ಮೊದ್ಲು ನಮ್ಮೂರ ಅಂಗನವಾಡೀಗೆ ಒಬ್ಬ ಸಹಾಯಕೀನ ಹಾಕ್ಸಾನ ನಡೀರಿ, ಆಮೇಲೆ ನೋಡಾನ" ಅಂದಿದ್ದಾರೆ. ಸೋಮವಾರ ಹೊರಡುತ್ತಿದ್ದೇವೆ. ನಿಮ್ಮ ಊರಿನ ಖಾಲಿ ಜಾಗದ ಅರ್ಜಿ ಯಾರ ಜೇಬಿನಲ್ಲಿದೆ?